ರಾಸ್ಪ್‌ಬೆರಿ ಪೈಗೆ ಎಸ್‌ಎಸ್‌ಡಿ: ಡಿಸ್ಕ್ ಬದಲಿಸುವ ಮೊದಲು ಕೇಬಲ್ ನೋಡಿ

ಪ್ರಶ್ನೆ: ನಾನು ಮಲೆನಾಡಿನ ಒಂದು ಪ್ರೌಢಶಾಲೆಯ ಶಿಕ್ಷಕ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ 4 ಜಿಬಿ ರ‍್ಯಾಮ್ ಇರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದನ್ನು ಸರ್ವರ್ ಮಾಡಿಕೊಂಡಿದ್ದೇವೆ. ಇಂಟರ್ನೆಟ್ ಇಲ್ಲದೆಯೇ ಕನ್ನಡ ವಿಕಿಪೀಡಿಯ ಓದಲು ಕಿವಿಕ್ಸ್, ಜೊತೆಗೆ ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಒಂದು ಡೇಟಾಬೇಸ್ ಅದರಲ್ಲಿವೆ. ಮೈಕ್ರೊ ಎಸ್‌ಡಿ ಕಾರ್ಡ್ ಎರಡು ಸಲ ಕೈಕೊಟ್ಟ ಮೇಲೆ ಸಾಟಾ ಎಂಬ ಜೋಡಣೆಯ 240 ಜಿಬಿ ಎಸ್‌ಎಸ್‌ಡಿ (ಫ್ಲ್ಯಾಶ್ ಮೆಮೊರಿಯ ಡಿಸ್ಕ್) ಮತ್ತು ಕಡಿಮೆ ಬೆಲೆಯ ಯುಎಸ್‌ಬಿ ಕೇಬಲ್ ತಂದು, ಕಾರ್ಡ್ ಇಲ್ಲದೆಯೇ ಬೂಟ್ ಆಗುವಂತೆ (ಎಂದರೆ ಚಾಲೂ ಆಗುವಂತೆ) ಮಾಡಿದೆವು. ಆದರೆ ಕರೆಂಟ್ ಹೋಗಿ ಬಂದಾಗ ಕೆಲವೊಮ್ಮೆ ಪೈ ಏಳುವುದೇ ಇಲ್ಲ; ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸರಿಯಾಗುತ್ತದೆ. ಕೆಲಸದ ನಡುವೆಯೂ ಆಗಾಗ ಅರ್ಧ ನಿಮಿಷದಷ್ಟು ಹೊತ್ತು ಎಲ್ಲವೂ ನಿಂತುಹೋಗುತ್ತದೆ. ಪೈ 5 ಕೊಂಡು ಎನ್‌ವಿಎಂಇ (ಬೋರ್ಡಿಗೆ ನೇರವಾಗಿ ಜೋಡಿಸುವ ಎಸ್‌ಎಸ್‌ಡಿ) ಹಾಕಿಸುವುದು ಒಳ್ಳೆಯದೇ? ಅಥವಾ ಬೂಟ್ ಮಾಡಲು ಮಾತ್ರ ಕಾರ್ಡ್ ಇಟ್ಟುಕೊಂಡು ಉಳಿದದ್ದನ್ನು ಎಸ್‌ಎಸ್‌ಡಿಯಲ್ಲಿ ಇಡಬಹುದೇ?

ಉತ್ತರ: ನಿಮ್ಮ ಕೆಲಸಕ್ಕೆ ಪೈ 5 ಬೇಕಾಗಿಲ್ಲ, ಎಸ್‌ಎಸ್‌ಡಿಯನ್ನೂ ಬದಲಿಸಬೇಕಾಗಿಲ್ಲ. ನೀವು ವಿವರಿಸಿದ ಎರಡು ಲಕ್ಷಣಗಳೂ ಡಿಸ್ಕಿನ ಕಡೆಗಿಂತ ಹೆಚ್ಚಾಗಿ ಡಿಸ್ಕಿಗೂ ಬೋರ್ಡಿಗೂ ನಡುವೆ ಇರುವ ಕೇಬಲ್‌ನ ಕಡೆಗೆ ಮತ್ತು ಬೋರ್ಡಿಗೆ ಬರುವ ವಿದ್ಯುತ್ತಿನ ಕಡೆಗೆ ಬೆರಳು ಮಾಡುತ್ತವೆ. ಹೀಗೇಕೆ ಹೇಳುತ್ತಿದ್ದೇನೆ ಎಂಬುದು ಸ್ಪಷ್ಟವಾಗಬೇಕಾದರೆ ಪೈ ಬೂಟ್ ಆಗುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

2012ರಲ್ಲಿ ಬಂದ ಮೊದಲ ಪೈಯ ಪ್ರೊಸೆಸರ್ ಚಿಪ್ಪಿನೊಳಗೆ ಅಚ್ಚಾಗಿದ್ದ ಬೂಟ್ ರಾಮ್‌ಗೆ (ಬೂಟ್ ಶುರುಮಾಡುವ, ಬದಲಿಸಲಾಗದ ತಂತ್ರಾಂಶಕ್ಕೆ) ಗೊತ್ತಿದ್ದದ್ದು ಎಸ್‌ಡಿ ಕಾರ್ಡ್ ಒಂದೇ. ಕಾರ್ಡಿನಲ್ಲಿ ಬೂಟ್ ಕಡತಗಳಿರುವ ಫ್ಯಾಟ್ ವಿಭಾಗದಿಂದ ಬೂಟ್‌ಕೋಡ್ ಕಡತವನ್ನು ಎತ್ತಿಕೊಂಡು ಅದು ಮುಂದುವರಿಯುತ್ತಿತ್ತು. 2016ರ ಪೈ 3ರಲ್ಲಿ ಯುಎಸ್‌ಬಿಯಿಂದ ಬೂಟ್ ಮಾಡುವ ಸೌಲಭ್ಯ ಬಂದಿತಾದರೂ ಅದಕ್ಕಾಗಿ ಚಿಪ್ಪಿನಲ್ಲಿ ಒಮ್ಮೆ ಮಾತ್ರ ಬರೆಯಬಹುದಾದ, ಮತ್ತೆಂದೂ ಅಳಿಸಲಾಗದ ಒಂದು ಬಿಟ್ ಅನ್ನು ಬಳಕೆದಾರರೇ ಬರೆಯಬೇಕಿತ್ತು. 2018ರ 3ಬಿ ಪ್ಲಸ್‌ನಲ್ಲಿ ಆ ಬಿಟ್ ಕಾರ್ಖಾನೆಯಲ್ಲೇ ಬರೆದು ಬಂತು. 2019ರ ಪೈ 4ರಲ್ಲಿ ವ್ಯವಸ್ಥೆಯೇ ಬದಲಾಯಿತು. ಬೂಟ್‌ಲೋಡರ್ ಅನ್ನು, ಎಂದರೆ ಬೂಟ್ ಮಾಡಿಸುವ ತಂತ್ರಾಂಶವನ್ನು, ಕಾರ್ಡಿನಿಂದ ಬೋರ್ಡಿನ ಮೇಲಿರುವ, ಮತ್ತೆ ಬರೆಯಬಹುದಾದ ಒಂದು ಪುಟ್ಟ ಈಪ್ರಾಮ್ ಚಿಪ್ಪಿಗೆ ಸಾಗಿಸಲಾಯಿತು. ಹಾಗಾಗಿ ಯಂತ್ರಾಂಶ ಬದಲಿಸದೆಯೇ ಹೊಸ ಬೂಟ್ ವಿಧಾನಗಳನ್ನು ಸೇರಿಸುವುದು ಸಾಧ್ಯವಾಯಿತು. ಪೈ 4 ಮಾರುಕಟ್ಟೆಗೆ ಬಂದಾಗ ಅದಕ್ಕೆ ಯುಎಸ್‌ಬಿ ಬೂಟ್ ತಿಳಿದಿರಲಿಲ್ಲ. ಸ್ಥಿರ ಆವೃತ್ತಿಯ ಈಪ್ರಾಮ್‌ನಲ್ಲಿ ಆ ಸೌಲಭ್ಯ ಸಿಕ್ಕಿದ್ದು 2020ರ ಸೆಪ್ಟೆಂಬರ್‌ನಲ್ಲಿ. ನಿಮ್ಮ ಬೋರ್ಡ್ ಅದಕ್ಕಿಂತ ಹಳೆಯದಾಗಿದ್ದರೂ ಕಾರ್ಡ್ ಇಲ್ಲದೆ ಬೂಟ್ ಆಗುತ್ತಿದೆಯೆಂದರೆ ಯಾರೋ ಒಮ್ಮೆ ಈಪ್ರಾಮ್ ನವೀಕರಿಸಿದ್ದಾರೆಂದೇ ಅರ್ಥ.

ಈಗ ನಿಮ್ಮ ಪೈ 4ಕ್ಕೆ ವಿದ್ಯುತ್ ಬಂದ ಕೂಡಲೇ ಏನಾಗುತ್ತದೆ ನೋಡಿ. ಈಪ್ರಾಮ್‌ನ ಬೂಟ್‌ಲೋಡರ್ ಎಚ್ಚರಗೊಂಡು, ಪಿಸಿಐಇ ಎಂಬ ವೇಗದ ಒಳದಾರಿಯ ಕೊನೆಯಲ್ಲಿರುವ ಯುಎಸ್‌ಬಿ 3 ನಿಯಂತ್ರಕ ಚಿಪ್ಪನ್ನು ಎಬ್ಬಿಸಿ, ಯಾವ ಪೋರ್ಟಿನಲ್ಲಿ ಯಾವ ಡಿಸ್ಕ್ ಇದೆಯೆಂದು ವಿಚಾರಿಸುತ್ತದೆ. ಡಿಸ್ಕ್ ಉತ್ತರ ಕೊಟ್ಟರೆ ಅದರ ಫ್ಯಾಟ್ ವಿಭಾಗದಿಂದ ಸ್ಟಾರ್ಟ್ ಎಂಬ ಹೆಸರಿನ ಫರ್ಮ್‌ವೇರ್ ಕಡತವನ್ನು ಓದುತ್ತದೆ. ಆ ಫರ್ಮ್‌ವೇರ್ ಕಾನ್ಫಿಗ್ ಕಡತವನ್ನು ನೋಡಿ, ಲಿನಕ್ಸ್ ಕರ್ನೆಲನ್ನು (ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು) ಮೆಮೊರಿಗೆ ತಂದು ಅಧಿಕಾರ ಹಸ್ತಾಂತರಿಸುತ್ತದೆ. ಕರ್ನೆಲ್ ತನ್ನದೇ ಚಾಲಕ ತಂತ್ರಾಂಶದಿಂದ ಯುಎಸ್‌ಬಿ ವ್ಯವಸ್ಥೆಯನ್ನು ಮೊದಲಿನಿಂದ ಮತ್ತೊಮ್ಮೆ ಸಜ್ಜುಗೊಳಿಸಿ, ಕಮ್ಯಾಂಡ್‌ಲೈನ್ ಕಡತದಲ್ಲಿ ಬರೆದಿರುವ ವಿಭಾಗದ ಗುರುತುಸಂಖ್ಯೆಯನ್ನು ಹುಡುಕಿ, ವ್ಯವಸ್ಥೆಯ ಕಡತಗಳಿರುವ ರೂಟ್ ವಿಭಾಗವನ್ನು ತೆರೆಯುತ್ತದೆ. ಅಂದರೆ ಒಂದೇ ಡಿಸ್ಕನ್ನು ಒಂದು ಬೂಟ್‌ನಲ್ಲಿ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ರೀತಿಯಲ್ಲಿ ಮಾತನಾಡಿಸುತ್ತವೆ, ಮತ್ತು ಬೂಟ್‌ಲೋಡರ್‌ಗೆ ಕಂಡ ಡಿಸ್ಕ್ ಕರ್ನೆಲ್‌ಗೂ ಕಂಡೇ ಕಾಣುತ್ತದೆ ಎಂಬ ಖಾತರಿ ಇಲ್ಲ.

ಆದ್ದರಿಂದ ಮುಂದಿನ ಸಲ ಪೈ ಏಳದೆ ಕುಳಿತಾಗ ತಕ್ಷಣ ಪ್ಲಗ್ ಕೀಳಬೇಡಿ. ಒಂದು ಮಾನಿಟರ್ ಜೋಡಿಸಿ ಪರದೆ ಏನು ಹೇಳುತ್ತಿದೆ ಎಂದು ನೋಡಿ. ಬೋರ್ಡಿನ ಹೆಸರು, ಬೂಟ್‌ಲೋಡರ್ ಆವೃತ್ತಿ, ಬೂಟ್ ಕ್ರಮ ಇವನ್ನೆಲ್ಲ ಸಣ್ಣ ಅಕ್ಷರಗಳಲ್ಲಿ ತೋರಿಸುವ ರೋಗನಿದಾನದ ಪರದೆ ನಿಂತಿದ್ದರೆ ಬೂಟ್‌ಲೋಡರ್‌ಗೇ ಡಿಸ್ಕ್ ಸಿಕ್ಕಿಲ್ಲ. ಕಾಮನಬಿಲ್ಲಿನ ಬಣ್ಣಗಳ ಚೌಕದಲ್ಲಿ ನಿಂತಿದ್ದರೆ ಫರ್ಮ್‌ವೇರ್ ಬಂದಿದೆ, ಕರ್ನೆಲ್ ಶುರುವಾಗಿಲ್ಲ. ರೂಟ್ ಸಾಧನಕ್ಕಾಗಿ ಕಾಯುತ್ತಿದ್ದೇನೆ ಎಂಬರ್ಥದ ಸಾಲು ಕಾಣಿಸಿದರೆ ಕರ್ನೆಲ್ ಬಂದಿದೆ, ಆದರೆ ಅದಕ್ಕೆ ಡಿಸ್ಕ್ ಕಾಣಿಸುತ್ತಿಲ್ಲ ಅಥವಾ ಗುರುತುಸಂಖ್ಯೆ ತಾಳೆಯಾಗುತ್ತಿಲ್ಲ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಮಾಡುವ ರಿಪೇರಿಯೆಲ್ಲ ಊಹೆಯ ಮೇಲೆ ನಡೆಯುತ್ತದೆ.

ನಿಮ್ಮ ವಿಷಯದಲ್ಲಿ ಸಿಗುವುದು ಬಹುಶಃ ಮೊದಲನೆಯದು. ಅದಕ್ಕೆ ಕಾರಣವಿದೆ. ಎಸ್‌ಎಸ್‌ಡಿಯ ಒಳಗೆ, ಯಾವ ದತ್ತಾಂಶ ಫ್ಲ್ಯಾಶ್‌ನ ಯಾವ ಕೋಶದಲ್ಲಿದೆ ಎಂಬ ಒಂದು ನಕ್ಷೆ ಸದಾ ಬದಲಾಗುತ್ತಿರುತ್ತದೆ. ಕ್ರಮವಾಗಿ ಶಟ್‌ಡೌನ್ ಮಾಡಿದಾಗ ಡಿಸ್ಕ್ ಆ ನಕ್ಷೆಯನ್ನು ಬರೆದಿಟ್ಟು ಮಲಗುತ್ತದೆ. ಕರೆಂಟ್ ಥಟ್ಟನೆ ಹೋದಾಗ ಆ ಅವಕಾಶ ಸಿಗುವುದಿಲ್ಲ. ವಿದ್ಯುತ್ ಮರಳಿದ ಮೇಲೆ ಅದು ನಕ್ಷೆಯನ್ನು ಮತ್ತೆ ಕಟ್ಟಿಕೊಳ್ಳಬೇಕಾಗುವುದರಿಂದ ಎಂದಿಗಿಂತ ತಡವಾಗಿ ಸಿದ್ಧವಾಗುತ್ತದೆ. ಅಷ್ಟರಲ್ಲಿ ಕೇಬಲ್‌ನ ಸೇತುವೆ ಚಿಪ್ಪು, ಎಂದರೆ ಸಾಟಾ ಭಾಷೆಯನ್ನು ಯುಎಸ್‌ಬಿಗೆ ಅನುವಾದಿಸುವ ಆ ಪುಟ್ಟ ಚಿಪ್ಪು, ಡಿಸ್ಕ್ ಇಲ್ಲವೆಂದು ತೀರ್ಮಾನಿಸಿ ಸುಮ್ಮನಾಗಿರಬಹುದು. ಒಳ್ಳೆಯ ಸೇತುವೆ ಮತ್ತೆ ಮತ್ತೆ ಕೇಳುತ್ತದೆ, ಕೆಟ್ಟದ್ದು ಕೇಳುವುದಿಲ್ಲ. ನೀವು ಪ್ಲಗ್ ಕಿತ್ತು ಹಾಕಿದಾಗ ಸರಿಯಾಗುವುದಕ್ಕೂ ಇದರಲ್ಲೇ ವಿವರಣೆ ಇದೆ: ಮೊದಲ ಸುತ್ತಿನಲ್ಲೇ ಎಸ್‌ಎಸ್‌ಡಿ ತನ್ನ ಮನೆ ಸರಿಮಾಡಿಕೊಂಡಿರುತ್ತದೆ, ಎರಡನೆಯ ಸಲ ಬೇಗ ಎದ್ದು ಉತ್ತರ ಕೊಡುತ್ತದೆ.

ಇಲ್ಲಿ ಬೂಟ್‌ಲೋಡರ್‌ನ ಸೆಟ್ಟಿಂಗ್‌ಗಳಿಂದ ಸ್ವಲ್ಪ ನೆರವು ಪಡೆಯಬಹುದು. ಈಪ್ರಾಮ್‌ನಲ್ಲಿ ಬೂಟ್ ಆರ್ಡರ್ ಎಂಬ ಒಂದು ಸಂಖ್ಯೆ ಇರುತ್ತದೆ. ಅದರ ಒಂದೊಂದು ಅಂಕಿಯೂ ಒಂದೊಂದು ಬೂಟ್ ವಿಧಾನ, ಓದಬೇಕಾದದ್ದು ಬಲದಿಂದ ಎಡಕ್ಕೆ. 1 ಎಂದರೆ ಎಸ್‌ಡಿ ಕಾರ್ಡ್, 2 ಎಂದರೆ ನೆಟ್‌ವರ್ಕ್, 4 ಎಂದರೆ ಯುಎಸ್‌ಬಿ ಡಿಸ್ಕ್, 6 ಎಂದರೆ ಎನ್‌ವಿಎಂಇ; ಎಫ್ ಎಂಬ ಅಕ್ಷರ ಬಂದರೆ ಮೊದಲಿನಿಂದ ಮತ್ತೆ ಶುರುಮಾಡು ಎಂದರ್ಥ. ಪೈ 4ರಲ್ಲಿ ಸಾಮಾನ್ಯವಾಗಿ ಎಫ್41 ಇರುತ್ತದೆ, ಅಂದರೆ ಮೊದಲು ಕಾರ್ಡ್, ಆಮೇಲೆ ಯುಎಸ್‌ಬಿ, ಎರಡೂ ಸಿಗದಿದ್ದರೆ ಪುನಃ ಅದೇ ಸುತ್ತು. ನೀವು ಇದನ್ನು ಯಾವಾಗಲಾದರೂ ಬದಲಿಸಿದ್ದರೆ ಎಡತುದಿಯ ಎಫ್ ಬಿಟ್ಟುಹೋಗಿಲ್ಲವಷ್ಟೇ ಎಂದು ಖಚಿತಪಡಿಸಿಕೊಳ್ಳಿ. ಅದು ಇಲ್ಲದಿದ್ದರೆ ಬೂಟ್‌ಲೋಡರ್ ಒಂದು ಸುತ್ತು ಹುಡುಕಿ ಕೈಚೆಲ್ಲುತ್ತದೆ. ಯುಎಸ್‌ಬಿ ಪೋರ್ಟ್‌ಗಳ ವಿದ್ಯುತ್ತನ್ನು ಶುರುವಿನಲ್ಲಿ ಎಷ್ಟು ಹೊತ್ತು ತಡೆಹಿಡಿಯಬೇಕು, ಡಿಸ್ಕ್ ಪತ್ತೆಯಾಗಲು ಎಷ್ಟು ಹೊತ್ತು ಕಾಯಬೇಕು ಎಂಬ ಕಾಲಮಿತಿಗಳೂ ಅಲ್ಲೇ ಇವೆ. ಮೊದಲನೆಯದು ತಾನಾಗಿ 1 ಸೆಕೆಂಡ್ ಇರುತ್ತದೆ. ಅದನ್ನು 2 ಅಥವಾ 3 ಸೆಕೆಂಡಿಗೆ ಏರಿಸಿದರೆ, ಅರೆಬರೆ ಸ್ಥಿತಿಯಲ್ಲಿ ಸಿಕ್ಕಿಕೊಂಡ ಸೇತುವೆ ಚಿಪ್ಪು ಪೂರ್ತಿ ಆರಿ ಹೊಸದಾಗಿ ಎದ್ದೇಳುವ ಸಾಧ್ಯತೆ ಹೆಚ್ಚುತ್ತದೆ. ಇದನ್ನೆಲ್ಲ ಮುಟ್ಟುವ ಮುನ್ನ ವ್ಯವಸ್ಥೆಯನ್ನು ಪೂರ್ತಿ ನವೀಕರಿಸಿ, ಈಪ್ರಾಮ್ ಅನ್ನೂ ಇತ್ತೀಚಿನ ಆವೃತ್ತಿಗೆ ತನ್ನಿ. ಯುಎಸ್‌ಬಿ ಬೂಟ್‌ಗೆ ಸಂಬಂಧಿಸಿದ ಎಷ್ಟೋ ಸುಧಾರಣೆಗಳು 2020ರ ನಂತರದ ಆವೃತ್ತಿಗಳಲ್ಲೇ ಬಂದಿವೆ. ಅದಕ್ಕೆ ಪೈಯ ಸೆಟ್ಟಿಂಗ್ ತಂತ್ರಾಂಶವಾದ ರಾಸ್ಪಿ-ಕಾನ್ಫಿಗ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಮೆನು ಇದೆ.

ಆದರೂ ಕಾಲಮಿತಿ ಹಿಗ್ಗಿಸುವುದು ಉಪಶಮನ ಮಾತ್ರ. ಕೆಲಸದ ನಡುವೆ ಅರ್ಧ ನಿಮಿಷ ಎಲ್ಲವೂ ನಿಲ್ಲುತ್ತದೆ ಎಂಬ ನಿಮ್ಮ ಮಾತು ನನ್ನ ಗಮನವನ್ನು ಹೆಚ್ಚು ಸೆಳೆಯಿತು. ಲಿನಕ್ಸ್‌ನಲ್ಲಿ ಡಿಸ್ಕಿಗೆ ಕೊಟ್ಟ ಆಜ್ಞೆಯೊಂದಕ್ಕೆ ಉತ್ತರ ಬಾರದಿದ್ದರೆ ಕರ್ನೆಲ್ ರೂಢಿಯಂತೆ ಕಾಯುವುದು 30 ಸೆಕೆಂಡ್. ಅದು ಮುಗಿದ ಮೇಲೆ ಆಜ್ಞೆಯನ್ನು ರದ್ದುಮಾಡಿ, ಸಾಧನವನ್ನು ರೀಸೆಟ್ ಮಾಡಿ, ಮತ್ತೆ ಪ್ರಯತ್ನಿಸುತ್ತದೆ. ಅಷ್ಟು ಹೊತ್ತು ಡೇಟಾಬೇಸ್, ಕಿವಿಕ್ಸ್, ಲಾಗಿನ್ ಎಲ್ಲವೂ ಬಾಗಿಲಲ್ಲೇ ನಿಂತಿರುತ್ತವೆ. ಹೀಗಾದ ಕೂಡಲೇ ಡಿಮೆಸೆಜ್ ಎಂಬ ಆಜ್ಞೆ ಕೊಟ್ಟು ಕರ್ನೆಲ್ ಸಂದೇಶಗಳನ್ನು ನೋಡಿದರೆ, ಯುಎಎಸ್ ಮತ್ತು ಅಬಾರ್ಟ್ ಎಂಬ ಪದಗಳಿರುವ ಸಾಲುಗಳೂ ಅವುಗಳ ಕೆಳಗೆ ಯುಎಸ್‌ಬಿ ಸಾಧನ ರೀಸೆಟ್ ಆದ ಸಾಲೂ ನಿಮಗೆ ಸಿಗುತ್ತವೆಂದು ನನ್ನ ನಿರೀಕ್ಷೆ.

ಯುಎಎಸ್ ಎಂಬುದು ಯುಎಸ್‌ಬಿ ಡಿಸ್ಕುಗಳೊಡನೆ ಮಾತನಾಡುವ ಹೊಸ ವಿಧಾನ. ಹಳೆಯ ವಿಧಾನದಲ್ಲಿ ಒಂದು ಆಜ್ಞೆ ಮುಗಿಯುವ ತನಕ ಇನ್ನೊಂದನ್ನು ಕೊಡುವಂತಿಲ್ಲ. ಯುಎಎಸ್‌ನಲ್ಲಿ ಅನೇಕ ಆಜ್ಞೆಗಳನ್ನು ಒಟ್ಟಿಗೆ ಸರತಿಯಲ್ಲಿ ಇಡಬಹುದು. ವೇಗಕ್ಕೆ ಅದು ಒಳ್ಳೆಯದೇ. ಆದರೆ ಜೆಮೈಕ್ರಾನ್, ಎಎಸ್‌ಮೀಡಿಯಾ, ರಿಯಲ್‌ಟೆಕ್ ಮೊದಲಾದವರ ಸೇತುವೆ ಚಿಪ್ಪುಗಳಲ್ಲಿ ನಾನಾ ಮಾದರಿಗಳಿವೆ, ಒಂದೇ ಮಾದರಿಯ ಚಿಪ್ಪಿಗೂ ಕೇಬಲ್ ತಯಾರಕರು ನಾನಾ ಫರ್ಮ್‌ವೇರ್‌ಗಳನ್ನು ತುಂಬಿರುತ್ತಾರೆ, ಮತ್ತು ಅವುಗಳಲ್ಲಿ ಕೆಲವು ಯುಎಎಸ್ ಬಲ್ಲೆವೆಂದು ಹೇಳಿಕೊಂಡರೂ ಒತ್ತಡ ಬಿದ್ದಾಗ ತಡವರಿಸುತ್ತವೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಕಪ್ಪು ಕೇಬಲ್‌ಗಳ ಒಳಗೆ ಬೇರೆ ಬೇರೆ ಚಿಪ್ಪು ಇರುವುದು ಮಾಮೂಲು. ಪೊಟ್ಟಣದ ಮೇಲೆ ಚಿಪ್ಪಿನ ಹೆಸರು ಬರೆಯದ ಕೇಬಲನ್ನು ಸರ್ವರ್‌ಗೆಂದು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮದು ಯಾವುದೆಂದು ತಿಳಿಯಲು ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಡಿ. ಡಿಸ್ಕಿನ ಸಾಲಿನಲ್ಲಿ ನಡುವೆ ಒಂದು ಕೋಲನ್ ಇರುವ, ಎರಡು ಭಾಗದ ಗುರುತು ಸಿಗುತ್ತದೆ; ಉದಾಹರಣೆಗೆ 152ಡಿ ಎಂದು ಶುರುವಾದರೆ ಜೆಮೈಕ್ರಾನ್, 174ಸಿ ಎಂದಿದ್ದರೆ ಎಎಸ್‌ಮೀಡಿಯಾ. ಆ ಗುರುತನ್ನು ಬರೆದುಕೊಂಡು, ಬೂಟ್ ವಿಭಾಗದ ಕಮ್ಯಾಂಡ್‌ಲೈನ್ ಕಡತದಲ್ಲಿ ಯುಎಸ್‌ಬಿ-ಸ್ಟೋರೇಜ್‌ನ ಕ್ವರ್ಕ್ಸ್ ಎಂಬ ಆಯ್ಕೆಗೆ ಅದನ್ನು ಕೊಟ್ಟು, ಕೊನೆಗೆ ಮತ್ತೊಂದು ಕೋಲನ್ ಮತ್ತು ಸಣ್ಣ ಯು ಅಕ್ಷರ ಸೇರಿಸಿದರೆ, ಕರ್ನೆಲ್ ಆ ಸಾಧನಕ್ಕೆ ಮಾತ್ರ ಯುಎಎಸ್ ಕೈಬಿಟ್ಟು ಹಳೆಯ ವಿಧಾನಕ್ಕೆ ಮರಳುತ್ತದೆ. ಈ ಕಡತದಲ್ಲಿ ಇರಬೇಕಾದದ್ದು ಒಂದೇ ಸಾಲು. ಹೊಸ ಆಯ್ಕೆಯನ್ನು ಅದೇ ಸಾಲಿನಲ್ಲಿ, ಒಂದು ಖಾಲಿ ಜಾಗ ಬಿಟ್ಟು ಬರೆಯಬೇಕು. ಎಂಟರ್ ಒತ್ತಿ ಎರಡನೆಯ ಸಾಲಿಗೆ ಹೋದರೆ ಅಲ್ಲಿ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ. ರಾಸ್ಪ್‌ಬೆರಿ ಪೈ ಓಎಸ್‌ನ 2023ರ ಬುಕ್‌ವರ್ಮ್ ಆವೃತ್ತಿಯಿಂದ ಈಚೆಗೆ ಈ ಕಡತ ಬೂಟ್ ಫೋಲ್ಡರಿನ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ. ಹಳೆಯ ಸೂಚನೆಗಳನ್ನು ಓದಿ ಹಳೆಯ ಜಾಗದಲ್ಲಿರುವ ಕಡತವನ್ನು ತಿದ್ದಿ, ಏನೂ ಬದಲಾಗಲಿಲ್ಲವೆಂದು ತಲೆಕೆಡಿಸಿಕೊಳ್ಳುವವರು ಬಹಳ ಮಂದಿ.

ಹಳೆಯ ವಿಧಾನಕ್ಕೆ ಮರಳಿದರೆ ವೇಗ ಸ್ವಲ್ಪ ಇಳಿಯುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಅದು ಗೊತ್ತೂ ಆಗದು. ನಾನು ಎಚ್ಚರಿಸಬೇಕಾದ ಸಂಗತಿ ಬೇರೆ ಇದೆ. ಬೂಟ್ ಸಂದೇಶಗಳಲ್ಲಿ ಡಿಸ್ಕ್ ಪತ್ತೆಯಾದ ಕಡೆ ಕ್ಯಾಷ್ (ಡಿಸ್ಕಿನೊಳಗಿನ ತಾತ್ಕಾಲಿಕ ಮೆಮೊರಿ) ಕುರಿತ ಸಾಲೊಂದು ಬರುತ್ತದೆ. ಕ್ಯಾಷಿಂಗ್ ಮೋಡ್ ಪುಟ ಸಿಗಲಿಲ್ಲ, ಹಾಗಾಗಿ ರೈಟ್ ಥ್ರೂ (ಬರೆದದ್ದು ನೇರವಾಗಿ ಫ್ಲ್ಯಾಶ್‌ಗೇ ಹೋಗುತ್ತದೆ) ಎಂದು ಭಾವಿಸುತ್ತೇನೆ ಎಂಬರ್ಥದ ಸಾಲು ಅಲ್ಲಿದ್ದರೆ ಅದನ್ನು ಲಘುವಾಗಿ ಕಾಣಬೇಡಿ. ಎಸ್‌ಎಸ್‌ಡಿ ತನ್ನೊಳಗೆ ಬರಹಗಳನ್ನು ಸ್ವಲ್ಪ ಹೊತ್ತು ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಡೇಟಾಬೇಸ್ ಒಂದು ದಾಖಲೆಯನ್ನು ಖಾಯಂ ಮಾಡುವಾಗ ಕರ್ನೆಲ್ ಅದನ್ನು ಈಗಲೇ ಫ್ಲ್ಯಾಶ್‌ಗೆ ಇಳಿಸು ಎಂದು ಡಿಸ್ಕಿಗೆ ಫ್ಲಶ್ ಆಜ್ಞೆ ಕೊಡಬೇಕು. ಡಿಸ್ಕಿನಲ್ಲಿ ಅಂಥ ಕ್ಯಾಷ್ ಇದೆಯೆಂಬುದನ್ನೇ ಸೇತುವೆ ಚಿಪ್ಪು ತಿಳಿಸದಿದ್ದರೆ ಕರ್ನೆಲ್ ಆ ಆಜ್ಞೆಯನ್ನು ಕಳಿಸುವುದೇ ಇಲ್ಲ. ಕಂಪ್ಯೂಟರ್ ಸರಿಯಾಗಿ ನಡೆಯುತ್ತಿರುವಾಗ ಇದರಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ವೇಗ ಇನ್ನೂ ಹೆಚ್ಚಿದಂತೆಯೇ ಅನ್ನಿಸಬಹುದು. ಕರೆಂಟ್ ಹೋದ ಆ ಗಳಿಗೆಯಲ್ಲಿ ಮಾತ್ರ, ಬರೆದಾಯಿತೆಂದು ಡೇಟಾಬೇಸ್ ನಂಬಿದ ದಾಖಲೆ ಡಿಸ್ಕಿನಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟ್ ಹೋಗುವ ಊರಿನಲ್ಲಿ ಇಂಥ ಸೇತುವೆಯ ಹಿಂದೆ ಪುಸ್ತಕಗಳ ಲೆಕ್ಕ ಇಡುವುದು ಅಪಾಯ. ಇದಕ್ಕೆ ಸೆಟ್ಟಿಂಗ್‌ಗಳಲ್ಲಿ ಅಡ್ಡದಾರಿಗಳಿವೆ, ಆದರೆ ನಾನು ಅವನ್ನು ಶಿಫಾರಸು ಮಾಡುವುದಿಲ್ಲ. ಕೇಬಲ್ ಬದಲಿಸಿ.

ಹೊಸ ಕೇಬಲ್ ತಂದಾಗ ಟ್ರಿಮ್ ಕೆಲಸ ಮಾಡುತ್ತದೆಯೇ ಎಂದೂ ನೋಡಿಕೊಳ್ಳಿ. ಅಳಿಸಿದ ಕಡತಗಳ ಜಾಗ ಈಗ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸುವುದು ಟ್ರಿಮ್. ಅದು ತಲುಪದಿದ್ದರೆ ಡಿಸ್ಕ್ ಸತ್ತ ದತ್ತಾಂಶವನ್ನೂ ಜೋಪಾನವಾಗಿ ಅಲ್ಲಿಂದಿಲ್ಲಿಗೆ ಸಾಗಿಸುತ್ತ ಸವೆಯುತ್ತದೆ, ನಿಧಾನವೂ ಆಗುತ್ತದೆ. ಎಲ್‌ಎಸ್‌ಬಿಎಲ್‌ಕೆ ಆಜ್ಞೆಗೆ ದೊಡ್ಡ ಡಿ ಆಯ್ಕೆ ಕೊಟ್ಟಾಗ ಡಿಸ್ಕಾರ್ಡ್ ಗರಿಷ್ಠದ ಅಂಕಣದಲ್ಲಿ ಸೊನ್ನೆ ಇದ್ದರೆ ಟ್ರಿಮ್ ದಾಟುತ್ತಿಲ್ಲ ಎಂದು ತಿಳಿಯಬೇಕು. ಸೊನ್ನೆಯಲ್ಲದೆ ಬೇರೆ ಅಂಕಿ ಇದ್ದರೆ ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ನಡೆಸುವ ಟೈಮರ್ ಚಾಲೂ ಇದೆಯೇ ಎಂದು ನೋಡಿದರೆ ಸಾಕು.

ಇನ್ನು ವಿದ್ಯುತ್ತು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಸೇರಿ ಹೊರಗಿನ ಸಾಧನಗಳಿಗೆ ಕೊಡಬಲ್ಲದ್ದು ಒಟ್ಟು 1.2 ಆಂಪಿಯರ್. ಒಂದು ಸಾಟಾ ಎಸ್‌ಎಸ್‌ಡಿಗೆ ಇದು ಧಾರಾಳ, ಆದರೆ ಅಡಾಪ್ಟರ್ ಸರಿಯಿದ್ದರೆ ಮಾತ್ರ. ಮೊಬೈಲ್ ಚಾರ್ಜರಿನ ಮೇಲೆ 3 ಆಂಪಿಯರ್ ಎಂದು ಬರೆದಿದ್ದರೂ ಭಾರ ಹೆಚ್ಚಾದಾಗ ಉದ್ದನೆಯ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಪೈಯ ಅಧಿಕೃತ ಅಡಾಪ್ಟರ್ 5ರ ಬದಲು 5.1 ವೋಲ್ಟ್ ಕೊಡುವುದು ಈ ಇಳಿತವನ್ನು ತುಂಬಿಕೊಳ್ಳಲಿಕ್ಕೇ. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಪೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ವಿಸಿಜೆನ್‌ಕಮ್ಯಾಂಡ್ ಎಂಬ ಆಜ್ಞೆಗೆ ಗೆಟ್ ಥ್ರಾಟಲ್ಡ್ ಎಂದು ಕೇಳಿದಾಗ ಬರುವ ಉತ್ತರ ಬರೀ ಸೊನ್ನೆಯಾಗಿರಬೇಕು; 50000 ಎಂದು ಬಂದರೆ ಬೂಟ್ ಆದಂದಿನಿಂದ ಎಂದೋ ಒಮ್ಮೆ ವೋಲ್ಟೇಜ್ ಕುಸಿದಿತ್ತು, 50005 ಎಂದು ಬಂದರೆ ಈಗಲೂ ಕುಸಿದಿದೆ. ಎಸ್‌ಎಸ್‌ಡಿಗೆ ಬೇರೆ ವಿದ್ಯುತ್ ಕೊಡೋಣವೆಂದು ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತರುವವರು ಒಂದನ್ನು ಗಮನಿಸಬೇಕು: ಕೆಲವು ಅಗ್ಗದ ಹಬ್‌ಗಳು ಪೋರ್ಟಿನ ಮೂಲಕ ಪೈಗೇ ಹಿಮ್ಮುಖವಾಗಿ ವಿದ್ಯುತ್ ಹರಿಸುತ್ತವೆ. ಆಗ ಪೈಯ ಪ್ಲಗ್ ಕಿತ್ತರೂ ಅದು ಪೂರ್ತಿ ಆರುವುದಿಲ್ಲ, ಬೂಟ್ ತೊಂದರೆ ಇನ್ನೂ ಗೋಜಲಾಗುತ್ತದೆ.

ಶಾಲೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿಯ ಸ್ವಿಚ್ ಯಾವ ಮೋಡ್‌ನಲ್ಲಿದೆ ನೋಡಿ. ನಮ್ಮಲ್ಲಿ ಮಾರಾಟವಾಗುವ ಅನೇಕ ಇನ್ವರ್ಟರ್‌ಗಳಲ್ಲಿ ಫ್ಯಾನು, ದೀಪಗಳಿಗೆಂದು ಸಾಧಾರಣ ಮೋಡ್ ಮತ್ತು ಕಂಪ್ಯೂಟರಿಗೆಂದು ಯುಪಿಎಸ್ ಮೋಡ್ ಎಂದು ಎರಡಿರುತ್ತವೆ. ಮೊದಲನೆಯದರಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಹೆಚ್ಚು. ಫ್ಯಾನಿಗೆ ಅದು ತಿಳಿಯುವುದೇ ಇಲ್ಲ, ಆದರೆ ಪೈಯ ಪುಟ್ಟ ಅಡಾಪ್ಟರ್ ಅಷ್ಟು ಹೊತ್ತು ದಮ್ಮು ಹಿಡಿಯಲಾರದು. ಪೈ ರೀಸೆಟ್ ಆಗುತ್ತದೆ, ಎಸ್‌ಎಸ್‌ಡಿಗೆ ವಿದ್ಯುತ್ ಪೂರ್ತಿ ಹೋಗಿರುವುದೂ ಇಲ್ಲ, ಇದ್ದಿರುವುದೂ ಇಲ್ಲ. ಬೂಟ್ ಆಗದೆ ಸಿಕ್ಕಿಹಾಕಿಕೊಳ್ಳಲು ಇದಕ್ಕಿಂತ ಅನುಕೂಲದ ಸ್ಥಿತಿ ಬೇರೆ ಇಲ್ಲ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಲು ಖರ್ಚಿಲ್ಲ. ಮೊದಲು ಇದನ್ನೇ ಮಾಡಿ.

ಬೂಟ್‌ಗೆ ಮಾತ್ರ ಕಾರ್ಡ್ ಇಡುವ ನಿಮ್ಮ ಯೋಚನೆ ತಪ್ಪೇನಲ್ಲ. ಪೈ 2ರ ಮೊದಲ ಆವೃತ್ತಿಯಲ್ಲೂ ಅದಕ್ಕಿಂತ ಹಿಂದಿನ ಬೋರ್ಡುಗಳಲ್ಲೂ ಅದೇ ದಾರಿ. ಕಾರ್ಡ್ ಕೆಡುವುದು ಮುಖ್ಯವಾಗಿ ಬರಹದಿಂದ: ಫ್ಲ್ಯಾಶ್ ಅನ್ನು ದೊಡ್ಡ ದೊಡ್ಡ ತುಂಡುಗಳಲ್ಲಿ ಮಾತ್ರ ಅಳಿಸಲು ಬರುವುದರಿಂದ, ಲಾಗ್ ಕಡತದ ಒಂದು ಸಣ್ಣ ಸಾಲಿಗೂ ಕಾರ್ಡಿನೊಳಗೆ ಅದರ ಹಲವು ಪಟ್ಟು ಬರಹ ನಡೆಯಬಹುದು, ಮತ್ತು ಆ ನಡುವೆ ಕರೆಂಟ್ ಹೋದರೆ ಸಂಬಂಧವೇ ಇಲ್ಲದ ಕಡತವೂ ಹಾಳಾಗಬಹುದು. ಕಾರ್ಡಿನಲ್ಲಿ ಬೂಟ್ ವಿಭಾಗವಷ್ಟೇ ಇದ್ದರೆ ಬರಹ ಅತಿ ಕಡಿಮೆ, ಆಯುಷ್ಯ ಹೆಚ್ಚು. ಆದರೆ ಒಂದು ತೊಡಕು ಇಲ್ಲಿದೆ. ವ್ಯವಸ್ಥೆ ನವೀಕರಣಗೊಂಡಾಗ ಹೊಸ ಕರ್ನೆಲ್ ಹೋಗಿ ಕೂರುವುದು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬೂಟ್ ವಿಭಾಗವೆಂದು ನಮೂದಾದ ಕಡೆಗೆ. ಎಸ್‌ಎಸ್‌ಡಿಗೆ ಪೂರ್ತಿ ನಕಲು ಮಾಡಿ, ಬೂಟ್ ಮಾತ್ರ ಕಾರ್ಡಿನಿಂದ ಮಾಡಿಸಿದರೆ, ನವೀಕರಣ ಎಸ್‌ಎಸ್‌ಡಿಯಲ್ಲಿರುವ, ಯಾರೂ ಬಳಸದ ಬೂಟ್ ವಿಭಾಗಕ್ಕೆ ಹೋಗಿ, ಕಾರ್ಡಿನ ಹಳೆಯ ಕರ್ನೆಲ್ ಹಾಗೇ ಉಳಿಯುತ್ತದೆ. ಹಳೆಯ ಕರ್ನೆಲ್‌ಗೆ ತಕ್ಕ ಮಾಡ್ಯೂಲ್‌ಗಳು (ಚಾಲಕ ತಂತ್ರಾಂಶಗಳು) ಎಸ್‌ಎಸ್‌ಡಿಯಿಂದ ಅಳಿಸಿಹೋದ ದಿನ ಪೈ ಬೂಟ್ ಆದರೂ ವೈಫೈಯಂಥವು ಮಾಯವಾಗುತ್ತವೆ.

ನಕಲು ಮಾಡುವಾಗಿನ ಇನ್ನೊಂದು ತೊಡಕೂ ಇದರ ಬಂಧುವೇ. ಕಾರ್ಡನ್ನು ಬಿಟ್ ಬಿಟ್ಟಾಗಿ ಎಸ್‌ಎಸ್‌ಡಿಗೆ ಇಳಿಸಿದರೆ ಎರಡರ ವಿಭಾಗಗಳಿಗೂ ಒಂದೇ ಗುರುತುಸಂಖ್ಯೆ ಬರುತ್ತದೆ. ಎರಡೂ ಜೋಡಿಸಿರುವಾಗ ಕರ್ನೆಲ್ ತನಗೆ ಮೊದಲು ಕಂಡದ್ದನ್ನು ರೂಟ್ ಎಂದುಕೊಳ್ಳುತ್ತದೆ. ನೀವು ಎಸ್‌ಎಸ್‌ಡಿಯಲ್ಲಿ ಬರೆಯುತ್ತಿದ್ದೇವೆಂದು ತಿಳಿದಿರುತ್ತೀರಿ, ನಿಜದಲ್ಲಿ ಸವೆಯುತ್ತಿರುವುದು ಕಾರ್ಡ್. ಪೈಯ ಡೆಸ್ಕ್‌ಟಾಪಿನಲ್ಲಿರುವ ಕಾರ್ಡ್ ಕಾಪಿಯರ್‌ನಲ್ಲಿ ಹೊಸ ಗುರುತುಸಂಖ್ಯೆ ಕೊಡುವ ಆಯ್ಕೆಯನ್ನು ಟಿಕ್ ಮಾಡಿದರೆ ಈ ರಗಳೆ ತಪ್ಪುತ್ತದೆ. ಯಾವುದರಿಂದ ನಡೆಯುತ್ತಿದೆ ಎಂಬ ಅನುಮಾನ ಬಂದಾಗ ಫೈಂಡ್‌ಮೌಂಟ್ ಆಜ್ಞೆಯ ಉತ್ತರದಲ್ಲಿ ಶೀರ್ಷಿಕೆಯ ನಂತರದ ಮೊದಲ ಸಾಲು ನೋಡಿ: ಎಂಎಂಸಿ ಎಂದಿದ್ದರೆ ಕಾರ್ಡ್, ಎಸ್‌ಡಿಎ ಎಂದಿದ್ದರೆ ಯುಎಸ್‌ಬಿ ಡಿಸ್ಕ್. ಪೈ 4ರಲ್ಲಿ ನೇರ ಯುಎಸ್‌ಬಿ ಬೂಟ್ ಇರುವಾಗ ಎರಡು ಕಡೆ ಬೂಟ್ ವಿಭಾಗ ಸಾಕುವ ಈ ಗೊಡವೆಗೆ ನಾನಂತೂ ಹೋಗುವುದಿಲ್ಲ.

ಪೈ 5 ಮತ್ತು ಎನ್‌ವಿಎಂಇ ಬಗ್ಗೆ ಕೇಳಿದ್ದೀರಿ. 2023ರಲ್ಲಿ ಬಂದ ಈ ಬೋರ್ಡಿನಲ್ಲಿ ಪಿಸಿಐಇ ಎರಡನೆಯ ತಲೆಮಾರಿನ ಒಂದು ಲೇನ್ ಅನ್ನು ತೆಳು ಪಟ್ಟಿ ಕೇಬಲ್‌ನ ಕನೆಕ್ಟರ್‌ಗೆ ತಂದಿದ್ದಾರೆ. ಲೆಕ್ಕದ ಮೇಲೆ ಸೆಕೆಂಡಿಗೆ 500 ಎಂಬಿ ಅದರ ಮಿತಿ, ಕೈಗೆ ಸಿಗುವುದು ಅದಕ್ಕಿಂತ ಸ್ವಲ್ಪ ಕಡಿಮೆ. ಕಾನ್ಫಿಗ್ ಕಡತದಲ್ಲಿ ಮೂರನೆಯ ತಲೆಮಾರಿನ ವೇಗವನ್ನು ಒತ್ತಾಯಿಸಬಹುದಾದರೂ ಬೋರ್ಡ್ ಆ ವೇಗಕ್ಕೆ ಪ್ರಮಾಣೀಕೃತವಲ್ಲ. ಸರ್ವರ್‌ನಲ್ಲಿ ಅದನ್ನು ಮುಟ್ಟದಿರುವುದೇ ಲೇಸು. ಅಲ್ಲಿನ ನಿಜವಾದ ಲಾಭ ವೇಗವಲ್ಲ, ನಡುವೆ ಅನುವಾದಕ ಚಿಪ್ಪೇ ಇಲ್ಲದಿರುವುದು: ಫ್ಲಶ್, ಟ್ರಿಮ್, ಡಿಸ್ಕಿನ ಆರೋಗ್ಯದ ವರದಿ ಎಲ್ಲವೂ ನೇರವಾಗಿ ಸಾಗುತ್ತವೆ. ಹೊಸ ಸರ್ವರ್ ಕಟ್ಟುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ 2024ರಲ್ಲಿ ಬಂದ ಅಧಿಕೃತ ಎಂ.2 ಹ್ಯಾಟ್ ಪ್ಲಸ್ ಎಂಬ ಜೋಡಣೆಯ ಹಲಗೆಯಲ್ಲಿ 2230 ಮತ್ತು 2242 ಅಳತೆಯ ಡಿಸ್ಕುಗಳು ಮಾತ್ರ ಹಿಡಿಸುತ್ತವೆ, ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಉದ್ದನೆಯ 2280. ಅದಕ್ಕೆ ಬೇರೆ ತಯಾರಕರ ಹಲಗೆ ಬೇಕು, ಮತ್ತು ಹ್ಯಾಟ್ ಪ್ಲಸ್ ಮಾದರಿಗೆ ಹೊಂದದ ಹಲಗೆಯಾದರೆ ಕಾನ್ಫಿಗ್‌ನಲ್ಲಿ ಪಿಸಿಐಇ ಚಾಲೂ ಮಾಡುವುದರ ಜೊತೆಗೆ ಈಪ್ರಾಮ್‌ನಲ್ಲೂ ಅದನ್ನು ಹುಡುಕುವಂತೆ ತಿಳಿಸಬೇಕು. ಎಂ.2 ಆಕಾರದಲ್ಲಿರುವುದೆಲ್ಲ ಎನ್‌ವಿಎಂಇ ಅಲ್ಲ ಎಂಬುದನ್ನೂ ನೆನಪಿಡಿ. ಅದೇ ಆಕಾರದ ಸಾಟಾ ಡಿಸ್ಕ್ ಅಲ್ಲಿ ಕೆಲಸ ಮಾಡುವುದಿಲ್ಲ. ರಾಕ್‌ಚಿಪ್ ಪ್ರೊಸೆಸರಿನ ಆರೆಂಜ್ ಪೈ 5 ಮುಂತಾದವುಗಳ ಕಥೆ ಬೇರೆ: ಅಲ್ಲಿ ಚಿಪ್ಪಿನ ಬೂಟ್ ರಾಮ್‌ಗೆ ಎನ್‌ವಿಎಂಇ ಕಾಣುವುದೇ ಇಲ್ಲ, ಹಾಗಾಗಿ ಯು-ಬೂಟ್ ಎಂಬ ಬೂಟ್‌ಲೋಡರನ್ನು ಬೋರ್ಡಿನ ಎಸ್‌ಪಿಐ ಫ್ಲ್ಯಾಶ್‌ಗೆ ಮೊದಲು ನಾವೇ ಬರೆಯಬೇಕು.

ನಿಮ್ಮ ಹೊರೆಗೆ ಪೈ 4 ಮತ್ತು ಸಾಟಾ ಎಸ್‌ಎಸ್‌ಡಿ ಸಾಕು ಎನ್ನಲು ಕಾರಣ ಇದು. ಎಸ್‌ಡಿ ಕಾರ್ಡುಗಳ ಎ1 ಮಾನದಂಡ ಸೆಕೆಂಡಿಗೆ ಕನಿಷ್ಠ 500 ಬಿಡಿ ಬರಹಗಳ ಭರವಸೆ ಕೊಡುತ್ತದೆ. ಒಂದೊಂದೂ 4 ಕೆಬಿ ಎಂದುಕೊಂಡರೆ ಅದು ಸೆಕೆಂಡಿಗೆ 2 ಎಂಬಿ ಮಾತ್ರ. ಡೇಟಾಬೇಸ್ ಕುಂಟುವುದು ಇಲ್ಲೇ, ಮತ್ತು ಯಾವುದೇ ಸಾಧಾರಣ ಎಸ್‌ಎಸ್‌ಡಿ ಹಳೆಯ ಯುಎಸ್‌ಬಿ ವಿಧಾನದಲ್ಲೂ ಇದರ ಎಷ್ಟೋ ಪಟ್ಟು ಸಲೀಸಾಗಿ ನಿಭಾಯಿಸುತ್ತದೆ. ಅದಕ್ಕಿಂತ ಮೇಲಿನ ವೇಗವನ್ನು ಬಳಸಿಕೊಳ್ಳುವಂಥದ್ದು ಕಿವಿಕ್ಸ್‌ನಲ್ಲಾಗಲಿ ಪುಸ್ತಕದ ಲೆಕ್ಕದಲ್ಲಾಗಲಿ ಇಲ್ಲ. ಇನ್ನೊಂದು ಮಾತು, ಮಕ್ಕಳ ಟ್ಯಾಬ್ಲೆಟ್‌ಗಳು ಪೈಯ ವೈಫೈಗೇ ಜೋಡಿಸಿಕೊಳ್ಳುತ್ತಿದ್ದರೆ ಕೇಬಲ್ ಕೊಳ್ಳುವಾಗ ಅದರ ಕವಚ ಚೆನ್ನಾಗಿರಲಿ: ಯುಎಸ್‌ಬಿ 3 ಹೊರಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ, ಎಸ್‌ಎಸ್‌ಡಿ ಹಾಕಿದ ಮೇಲೆ ಸಿಗ್ನಲ್ ಕುಗ್ಗಿತೆಂಬ ದೂರು ಬಂದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ.

ಎಲ್ಲ ಸರಿಪಡಿಸಿದ ಮೇಲೆ, ಡೇಟಾಬೇಸ್‌ನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟು, ರಜೆಯಲ್ಲಿ ಒಂದು ದಿನ ಬೇಕೆಂದೇ ಮೇನ್ ಸ್ವಿಚ್ ಆರಿಸಿ ಹಾಕಿ ಪರೀಕ್ಷಿಸಿ. ಸುಮ್ಮನಿರುವಾಗ ಆರಿಸಿದರೆ ಏನೂ ತಿಳಿಯದು. ದಾಖಲೆಗಳನ್ನು ಸೇರಿಸುತ್ತಿರುವಾಗಲೇ ಆರಿಸಬೇಕು, ಮರಳಿ ಬಂದ ಮೇಲೆ ಕೊನೆಯದಾಗಿ ಉಳಿಸಿದ ದಾಖಲೆ ಇದೆಯೇ ಎಂದು ನೋಡಬೇಕು. ಎಸ್‌ಎಸ್‌ಡಿ ಇದ್ದರೂ ಪ್ರತಿ ತೆಗೆದಿಡುವ ಅಭ್ಯಾಸ ಮುಂದುವರಿಯಲಿ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಕೊನೆಯ ಬರಹವನ್ನು ಕಾಪಾಡುವ ಕೆಪಾಸಿಟರ್‌ಗಳು ಇರುವುದಿಲ್ಲ. ಮುಂದೆಂದಾದರೂ ಪೈ 5 ಕೊಂಡರೆ ಈ ಡಿಸ್ಕ್ ವ್ಯರ್ಥವಾಗದು. ಬುಕ್‌ವರ್ಮ್‌ನಿಂದ ಈಚಿನ 64 ಬಿಟ್ ವ್ಯವಸ್ಥೆಯ ಬೂಟ್ ವಿಭಾಗದಲ್ಲಿ ಎರಡೂ ಬೋರ್ಡುಗಳ ಕರ್ನೆಲ್‌ಗಳು ಇರುವುದರಿಂದ ಅದೇ ಎಸ್‌ಎಸ್‌ಡಿಯನ್ನು ಕಿತ್ತು ಹೊಸ ಬೋರ್ಡಿಗೆ ಚುಚ್ಚಬಹುದು, ಆದರೆ ಅಡಾಪ್ಟರ್ ಮಾತ್ರ 5 ಆಂಪಿಯರ್‌ನದ್ದೇ ಬೇಕು: ಅದಕ್ಕಿಂತ ಕಡಿಮೆಯದಾದರೆ ಪೈ 5 ಯುಎಸ್‌ಬಿ ಸಾಧನಗಳಿಗೆ ಒಟ್ಟು 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ, ಮತ್ತು ಪವರ್ ಬಟನ್ ಒತ್ತುವ ತನಕ ಅಥವಾ ಕಾನ್ಫಿಗ್‌ನಲ್ಲಿ ಹೆಚ್ಚಿನ ಕರೆಂಟಿಗೆ ಅನುಮತಿ ಕೊಡುವ ತನಕ ಯುಎಸ್‌ಬಿಯಿಂದ ಬೂಟ್ ಆಗದೆ ಕಾಯುತ್ತ ನಿಲ್ಲುತ್ತದೆ.